ಶಲ್ಯ ಶರೀರವಾಗುವ ಬಗೆ

ದೇಹದೊಳಗೆ ಕೂರಿಸಿದ ಹೊರಗಿನ ವಸ್ತುವೊಂದು ಯಾವಾಗ ದೇಹದ್ದೇ ಆಗುತ್ತದೆ, ಅಥವಾ ಎಷ್ಟು ಕಾಲ ಕಳೆದರೂ ಅದು ಹೊರಗಿನದಾಗಿಯೇ ಉಳಿಯುತ್ತದೆಯೇ ಎಂಬ ಪ್ರಶ್ನೆ ಹಳೆಯದಾದರೂ, ಹಲ್ಲಿನ ಚಿಕಿತ್ಸೆಯಲ್ಲಿ ಲೋಹದ ಬದಲು ಪ್ಲಾಸ್ಟಿಕ್ಕನ್ನು ಬಳಸುವ ಪ್ರಯತ್ನ ಅದನ್ನು ಹೊಸದಾಗಿ ಕೇಳುವಂತೆ ಮಾಡಿದೆ. ಬಿದ್ದುಹೋದ ಹಲ್ಲಿನ ಜಾಗದಲ್ಲಿ ದವಡೆಮೂಳೆಗೆ ತಿರುಪಿನಂತೆ ಕೂರಿಸುವ ಕೃತಕ ಬೇರನ್ನು ಇಂಪ್ಲಾಂಟ್ ಎನ್ನುತ್ತಾರೆ. ಈ ಬೇರಿಗೆ ಅರ್ಧ ಶತಮಾನಕ್ಕೂ ಮೀರಿ ಟೈಟಾನಿಯಂ ಲೋಹವೇ ಬಳಕೆಯಲ್ಲಿದ್ದು, ಈಗ ಪೀಕ್ ಎಂಬ ಹೆಸರಿನ, ಬಿಸಿಗೂ ಸವೆತಕ್ಕೂ ಸುಲಭವಾಗಿ ಜಗ್ಗದ ಪ್ಲಾಸ್ಟಿಕ್ಕು ಅದರ ಪಕ್ಕಕ್ಕೆ ಬಂದು ನಿಂತಿದೆ. ಎರಡರಲ್ಲಿ ಯಾವುದು ಗಟ್ಟಿ, ಯಾವುದು ಅಗ್ಗ ಎಂಬುದು ವೈದ್ಯರೂ ಎಂಜಿನಿಯರರೂ ತೀರ್ಮಾನಿಸಬೇಕಾದ ಮಾತು. ಆದರೆ ಯಾವುದು ದೇಹಕ್ಕೆ ಹತ್ತಿರ ಎಂಬ ಪ್ರಶ್ನೆಯಲ್ಲಿ ‘ಹತ್ತಿರ’ ಎಂದರೆ ಏನು ಎಂಬುದನ್ನು ಮೊದಲು ವಿಚಾರಿಸಬೇಕಾಗುತ್ತದೆ, ಮತ್ತು ಆ ವಿಚಾರ ಧರ್ಮ ಹಾಗೂ ದರ್ಶನಗಳ ಕ್ಷೇತ್ರಕ್ಕೆ ಸೇರಿದ್ದು.

ಈ ವಿಚಾರಕ್ಕೆ ದಕ್ಷಿಣ ಲಂಡನ್ನಿನ ಟೂಟಿಂಗ್ ಒಳ್ಳೆಯ ನೆಲೆಯಾಗಿದೆ. ಅಲ್ಲಿನ ಬ್ಲ್ಯಾಕ್‌ಷಾ ರಸ್ತೆಯಲ್ಲಿ ಸೇಂಟ್ ಜಾರ್ಜ್ ಆಸ್ಪತ್ರೆಯೂ ಅದರ ವೈದ್ಯಶಾಲೆಯೂ ಇವೆ. ಅದೇ ರಸ್ತೆಯಲ್ಲಿ 1854ರಲ್ಲಿ ತೆರೆದ ಲ್ಯಾಂಬೆತ್ ರುದ್ರಭೂಮಿಯೂ ಅದರೊಳಗೆ ಚಿತಾಗಾರವೂ ಇವೆ. ದಕ್ಷಿಣ ಭಾರತ, ಶ್ರೀಲಂಕಾ, ಗುಜರಾತ್ ಮತ್ತು ಪಾಕಿಸ್ತಾನಗಳ ಮೂಲದ ಕುಟುಂಬಗಳು ದೇವಸ್ಥಾನ, ಮಸೀದಿ, ಚರ್ಚು, ದೋಸೆ ಹೋಟೆಲುಗಳ ನಡುವೆ ಬದುಕುವ ಈ ಬಡಾವಣೆಯಲ್ಲಿ, ದೇಹವನ್ನು ದುರಸ್ತಿ ಮಾಡುವ ಮನೆಯೂ ಅದನ್ನು ಬೆಂಕಿಗೂ ಮಣ್ಣಿಗೂ ಒಪ್ಪಿಸುವ ತಾಣವೂ ಒಂದೇ ದಾರಿಯಲ್ಲಿರುವುದರಿಂದ, ಒಂದು ಕೃತಕ ಹಲ್ಲಿನ ಹುಟ್ಟು, ಬಾಳು, ಕೊನೆ ಮೂರನ್ನೂ ಒಟ್ಟಿಗೆ ನೋಡಲು ಸಾಧ್ಯವಾಗುತ್ತದೆ.

ಭಾರತೀಯ ವೈದ್ಯಪರಂಪರೆಯಲ್ಲಿ ಶಸ್ತ್ರಚಿಕಿತ್ಸೆಗೆ ಶಲ್ಯತಂತ್ರವೆಂದು ಹೆಸರು. ಶಲ್ಯವೆಂದರೆ ಮೊದಲಿಗೆ ಬಾಣದ ಮೊನೆ, ಮುಳ್ಳು. ಆ ಬಳಿಕ ದೇಹದೊಳಗೆ ಸಿಕ್ಕಿಕೊಂಡು ನೋಯಿಸುವ ಯಾವುದೇ ವಸ್ತು. ಹೊರಗಿನದನ್ನು ಕಿತ್ತು ತೆಗೆಯುವ ವಿದ್ಯೆಯೆಂದೇ ಹೆಸರಾದ ಶಾಸ್ತ್ರವು ಇಂದು ಹೊರಗಿನದನ್ನು ಒಳಗಿಟ್ಟು ಉಳಿಸುವ ವಿದ್ಯೆಯಾಗಿರುವುದು ಮೇಲುನೋಟಕ್ಕೆ ತಲೆಕೆಳಗಾದಂತೆ ಕಂಡರೂ, ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ಶಲ್ಯಕ್ಕೆ ಕೊಟ್ಟ ಲಕ್ಷಣವನ್ನು ಗಮನಿಸಿದರೆ ಹಾಗೆನಿಸುವುದಿಲ್ಲ. ಅಲ್ಲಿ ಶಲ್ಯವನ್ನು ಗುರುತಿಸುವುದು ಅದು ಎಲ್ಲಿಂದ ಬಂತು ಎಂಬುದರಿಂದಲ್ಲ, ಶರೀರಕ್ಕೆ ಬಾಧೆ ಕೊಡುತ್ತದೆಯೇ ಎಂಬುದರಿಂದ. ಆದ್ದರಿಂದಲೇ ಆ ಗ್ರಂಥವು ಶಲ್ಯವನ್ನು ಆಗಂತುಕ, ಅಂದರೆ ಹೊರಗಿನಿಂದ ಬಂದದ್ದು, ಮತ್ತು ಶಾರೀರ, ಅಂದರೆ ದೇಹದಲ್ಲೇ ಹುಟ್ಟಿದ್ದು ಎಂದು ಎರಡಾಗಿ ವಿಂಗಡಿಸಿ, ಕೂದಲು ಉಗುರುಗಳಂಥವೂ ಕೆಟ್ಟ ಧಾತುಗಳೂ ಶಲ್ಯವಾಗಬಲ್ಲವೆಂದು ಒಪ್ಪುತ್ತದೆ. ಈ ಲಕ್ಷಣದಂತೆ ಹುಳುಕು ಹಿಡಿದು ರಾತ್ರಿಯೆಲ್ಲ ನರಳಿಸುವ ಸ್ವಂತ ಹಲ್ಲು ಶಲ್ಯ. ನೋಯದೆ ನಿಂತು ರೊಟ್ಟಿ ಜಗಿಯುವ ಲೋಹದ ಬೇರು ಶಲ್ಯವಲ್ಲ. ತನ್ನದು ಮತ್ತು ಅನ್ಯವೆಂಬ ಗೆರೆಯನ್ನು ಹುಟ್ಟಿನ ಮೇಲೆ ಎಳೆಯದೆ ಬಾಧೆಯ ಮೇಲೆ ಎಳೆದಿರುವುದು ಈ ಚರ್ಚೆಗೆ ದೊರೆತ ಮೊದಲ ಆಧಾರ.

ಹುಟ್ಟಿನ ಮೇಲೆ ಗೆರೆ ಎಳೆದರೆ ಏನಾಗುತ್ತದೆ ಎಂಬುದಕ್ಕೆ ಸೇಂಟ್ ಜಾರ್ಜ್ ಆಸ್ಪತ್ರೆಯ ಇತಿಹಾಸವೇ ನಿದರ್ಶನ. 1733ರಲ್ಲಿ ಹೈಡ್ ಪಾರ್ಕ್ ಕಾರ್ನರ್‌ನಲ್ಲಿ ಆರಂಭವಾಗಿ, ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಟೂಟಿಂಗ್‌ಗೆ ಸ್ಥಳಾಂತರಗೊಂಡ ಈ ಸಂಸ್ಥೆಯಲ್ಲಿ ಜಾನ್ ಹಂಟರ್ 1768ರಿಂದ ಶಸ್ತ್ರವೈದ್ಯನಾಗಿದ್ದ. ಇಂದಿನ ವೈದ್ಯಶಾಲೆಯ ಒಂದು ಕಟ್ಟಡಕ್ಕೆ ಅವನ ಹೆಸರಿದೆ. 1771ರಲ್ಲಿ ಮನುಷ್ಯರ ಹಲ್ಲುಗಳ ಕುರಿತು ಗ್ರಂಥ ಬರೆದ ಹಂಟರ್, ಒಬ್ಬರ ಬಾಯಿಂದ ಕಿತ್ತ ಹಲ್ಲನ್ನು ಕೂಡಲೇ ಮತ್ತೊಬ್ಬರ ದವಡೆಗೆ ನೆಟ್ಟರೆ ಅದು ಹಿಡಿದುಕೊಳ್ಳುತ್ತದೆಯೆಂದು ನಂಬಿದ್ದ; ಮನುಷ್ಯನ ಹಲ್ಲನ್ನು ಹುಂಜದ ಜುಟ್ಟಿನಲ್ಲಿ ನೆಟ್ಟು ಮಾಡಿದ ಪ್ರಯೋಗದಲ್ಲಿ ರಕ್ತನಾಳಗಳು ಹಲ್ಲಿನೊಳಗೆ ಹಬ್ಬಿದವೆಂದು ಅವನು ಬಗೆದಿದ್ದ. ಹಲ್ಲಿಗೆ ಹಲ್ಲೇ ಬದಲಾಗುವುದಕ್ಕಿಂತ ಸಹಜವಾದದ್ದು ಯಾವುದಿದೆ ಎಂಬ ತರ್ಕದ ಬೆನ್ನಿಗೆ ಲಂಡನ್ನಿನ ಸಿರಿವಂತರ ಬಾಯಿಗೆ ಬಡವರ ಮಕ್ಕಳ ಹಲ್ಲುಗಳು ಕಾಸಿಗೆ ಮಾರಾಟವಾದವು. ಚಿಮಣಿ ಗುಡಿಸುವ ಹುಡುಗನ ಬಾಯಿಂದ ಹಲ್ಲು ಕೀಳಿಸಿ ಸಿರಿವಂತೆಯ ಬಾಯಿಗೆ ನೆಡುವ ದೃಶ್ಯವನ್ನು ಥಾಮಸ್ ರೋಲಂಡ್ಸನ್ 1787ರಲ್ಲಿ ವ್ಯಂಗ್ಯಚಿತ್ರವಾಗಿ ಬರೆದ. ನೆಟ್ಟ ಹಲ್ಲುಗಳು ಹೆಚ್ಚು ಕಾಲ ನಿಲ್ಲಲಿಲ್ಲ. ಅವುಗಳ ಜೊತೆಗೆ ರೋಗಗಳೂ ದಾಟುತ್ತವೆಂಬ ಭಯ ಹಬ್ಬಿ ಪದ್ಧತಿ ಕುಸಿಯಿತು. ಅದು ಉಳಿಸಿಹೋದ ಪಾಠವೆಂದರೆ, ವಸ್ತುವಿನಲ್ಲಿ ಅತ್ಯಂತ ಸಮೀಪವಾದದ್ದು ದೇಹಕ್ಕೆ ಒಗ್ಗದೆಯೂ ಹೋಗಬಹುದು, ಮತ್ತು ಒಬ್ಬರ ಬಾಧೆಯನ್ನು ನೀಗಲು ಮತ್ತೊಬ್ಬರ ಬಾಯಲ್ಲಿ ಬಾಧೆಯನ್ನು ಹುಟ್ಟಿಸಿದ ಹಲ್ಲು, ಅದು ಒಗ್ಗಿದ್ದರೂ, ಧರ್ಮದ ದೃಷ್ಟಿಯಲ್ಲಿ ಶಲ್ಯವಾಗಿಯೇ ಉಳಿಯುತ್ತಿತ್ತು. ಗಣಿಯ ಲೋಹವೂ ಕಾರ್ಖಾನೆಯ ಪ್ಲಾಸ್ಟಿಕ್ಕೂ ಒಂದು ವಿಷಯದಲ್ಲಿ ಸಮಾನವಾಗಿ ಮೇಲು: ಅವೆರಡೂ ಯಾರ ಬಾಯನ್ನೂ ಬರಿದು ಮಾಡಿ ಬಂದವಲ್ಲ.

ಸಾದೃಶ್ಯವಿಲ್ಲದಿದ್ದರೂ ಸಂಬಂಧ ಬೆಳೆಯಬಹುದೆಂಬುದನ್ನು ತೋರಿಸಿದ್ದು ಟೈಟಾನಿಯಂ. ಸ್ವೀಡನ್ನಿನ ಪಿಯರ್-ಇಂಗ್ವಾರ್ ಬ್ರೋನೆಮಾರ್ಕ್ 1950ರ ದಶಕದ ಆರಂಭದಲ್ಲಿ ಮೊಲದ ಕಾಲಿನ ಮೂಳೆಯೊಳಗೆ ರಕ್ತದ ಹರಿವನ್ನು ನೋಡಲೆಂದು ಟೈಟಾನಿಯಂನ ಪುಟ್ಟ ಸಾಧನವನ್ನು ಕೂರಿಸಿ, ಅಧ್ಯಯನ ಮುಗಿದ ಮೇಲೆ ತೆಗೆಯಹೋದಾಗ ಅದು ಬರಲಿಲ್ಲ. ಮೂಳೆ ಅದನ್ನು ಅಪ್ಪಿ ಹಿಡಿದಿತ್ತು. ಗಾಳಿ ತಾಗಿದ ಕ್ಷಣವೇ ಟೈಟಾನಿಯಂನ ಮೈಮೇಲೆ ಆಕ್ಸೈಡಿನ ತೆಳುಪೊರೆಯೊಂದು ಕಟ್ಟಿಕೊಳ್ಳುತ್ತದೆ; ಮೂಳೆಯ ಜೀವಕೋಶಗಳು ಆ ಪೊರೆಯ ಮೇಲೆ ನೇರವಾಗಿ ಹೊಸ ಮೂಳೆಯನ್ನು ಹೆಣೆಯಬಲ್ಲವು. ಮೂಳೆಗೂ ಲೋಹಕ್ಕೂ ನಡುವೆ ಮೆತ್ತನೆಯ ಪದರವಿಲ್ಲದ ಈ ಬೆಸುಗೆಯನ್ನು ವೈದ್ಯರು ಅಸ್ಥಿಸಂಯೋಜನೆ ಎಂದು ಕರೆಯುತ್ತಾರೆ. 1965ರಲ್ಲಿ ಮನುಷ್ಯನ ದವಡೆಗೆ ಮೊದಲ ಬಾರಿಗೆ ಈ ಬಗೆಯ ಬೇರುಗಳನ್ನು ಬ್ರೋನೆಮಾರ್ಕ್ ಅಳವಡಿಸಿದ.

ಆದರೆ ಇಲ್ಲೊಂದು ಸೂಕ್ಷ್ಮವಿದೆ. ಸಹಜವಾದ ಹಲ್ಲು ಮೂಳೆಗೆ ಹೀಗೆ ಬೆಸೆದುಕೊಂಡಿರುವುದೇ ಇಲ್ಲ. ಬೇರಿಗೂ ಮೂಳೆಗೂ ನಡುವೆ ಕೂದಲೆಳೆಗಿಂತ ಸ್ವಲ್ಪವೇ ದಪ್ಪವಾದ ನಾರಿನ ಪೊರೆಯೊಂದಿದ್ದು, ಅದು ಹಲ್ಲನ್ನು ತೊಟ್ಟಿಲಿನಂತೆ ತೂಗುಹಾಕಿ, ಜಗಿತದ ಪೆಟ್ಟನ್ನು ತಾಳಿಕೊಂಡು, ಅನ್ನದಲ್ಲಿ ಕಲ್ಲು ಸಿಕ್ಕಿದರೆ ಕೂಡಲೇ ತಿಳಿಸುತ್ತದೆ. ಆ ಪೊರೆ ಅಳಿದು ಹಲ್ಲು ಮೂಳೆಗೆ ನೇರವಾಗಿ ಅಂಟಿದರೆ ದಂತವೈದ್ಯರು ಅದನ್ನು ವಿಕಾರವೆಂದು ಎಣಿಸುತ್ತಾರೆ. ಹೀಗಾಗಿ ಟೈಟಾನಿಯಂ ಬೇರು ದವಡೆಗೆ ಸ್ವಂತ ಹಲ್ಲಿಗಿಂತಲೂ ನಿಕಟವಾಗಿದೆ, ಆ ಕಾರಣಕ್ಕೇ ಸ್ವಂತ ಹಲ್ಲಿನಂತಿಲ್ಲ. ನ್ಯಾಯವೈಶೇಷಿಕ ದರ್ಶನಗಳು ಎರಡು ವಸ್ತುಗಳ ಕೂಡಿಕೆಯಲ್ಲಿ ಎರಡು ಬಗೆಯನ್ನು ಹೇಳುತ್ತವೆ: ಮೇಜಿನ ಮೇಲೆ ಇಟ್ಟ ಪುಸ್ತಕದಂತೆ ಬಿಡಿಸಬಹುದಾದದ್ದು ಸಂಯೋಗ, ಬಟ್ಟೆ ಮತ್ತು ಅದರ ನೂಲಿನಂತೆ, ಬಿಡಿಸಿದರೆ ವಸ್ತುವೇ ಉಳಿಯದಂಥದ್ದು ಸಮವಾಯ. ತೆಗೆದಿಟ್ಟು ತೊಳೆಯುವ ಹಲ್ಲಿನ ಸೆಟ್ಟು ಸ್ಪಷ್ಟವಾಗಿ ಸಂಯೋಗ. ಮೂಳೆ ಹಿಡಿದ ಲೋಹವು ಮೂಳೆಯನ್ನು ಮುರಿಯದೆ ಹೊರಬರುವುದಿಲ್ಲವಾದ್ದರಿಂದ ಸಮವಾಯದ ಹೊಸ್ತಿಲಿನವರೆಗೆ ಬಂದಿದೆ. ಆದರೂ ಮೂಳೆ ಮೂಳೆಯಾಗಿ, ಲೋಹ ಲೋಹವಾಗಿ ಉಳಿಯುತ್ತವೆಯಾದ್ದರಿಂದ ಹೊಸ್ತಿಲನ್ನು ದಾಟಿಲ್ಲ. ಅದಕ್ಕೆ ಸಲ್ಲುವ ಹೆಸರು ಬಹುಶಃ ಬಿಡಲಾರದ ಸಂಯೋಗ. ಮನುಷ್ಯರ ನಡುವಿನ ಗಾಢವಾದ ಬಾಂಧವ್ಯಗಳೂ ಈ ಜಾತಿಗೇ ಸೇರಿದವು.

ಪೀಕ್‌ನ ಕಥೆ ಇದಕ್ಕೆ ತದ್ವಿರುದ್ಧ. ಪಾಲಿಈಥರ್ ಈಥರ್ ಕೀಟೋನ್ ಎಂಬ ಉದ್ದ ಹೆಸರಿನ ಮೊದಲಕ್ಷರಗಳಿಂದ ಪೀಕ್ ಎನಿಸಿಕೊಂಡ ಈ ವಸ್ತುವನ್ನು ಬ್ರಿಟನ್ನಿನ ಐಸಿಐ ಕಂಪನಿಯ ವಿಜ್ಞಾನಿಗಳು 1978ರ ಸುಮಾರಿಗೆ ರೂಪಿಸಿದರು. ವಿಮಾನ, ಎಂಜಿನ್ ಭಾಗಗಳಲ್ಲಿ ಹೆಸರು ಮಾಡಿದ ಅದು 1990ರ ದಶಕದ ಕೊನೆಗೆ ದೇಹದೊಳಗೆ ಬಳಸುವ ದರ್ಜೆಯಲ್ಲಿ ದೊರೆಯತೊಡಗಿ, ಬೆನ್ನೆಲುಬಿನ ಚಿಕಿತ್ಸೆಯಲ್ಲಿ ಮೊದಲು ಬೇರೂರಿತು. ಸುಮಾರು 343 ಡಿಗ್ರಿ ಸೆಲ್ಸಿಯಸ್‌ವರೆಗೆ ಕರಗದ ಇದು ಕುದಿಯುವ ಹಬೆಯ ಶುದ್ಧೀಕರಣವನ್ನು ನಿರಾಯಾಸವಾಗಿ ತಾಳುತ್ತದೆ. ವಸ್ತುವೊಂದು ಭಾರಕ್ಕೆ ಎಷ್ಟು ಬಾಗದೆ ನಿಲ್ಲುತ್ತದೆ ಎಂಬುದನ್ನು ಗಿಗಾಪಾಸ್ಕಲ್ ಎಂಬ ಮಾನದಲ್ಲಿ ಅಳೆಯುತ್ತಾರೆ: ದವಡೆಯ ಗಟ್ಟಿ ಮೂಳೆ ಸುಮಾರು 14ರಿಂದ 18, ಟೈಟಾನಿಯಂ 100ಕ್ಕೂ ಮೇಲೆ, ಪೀಕ್ ಸುಮಾರು 3ರಿಂದ 4; ಇಂಗಾಲದ ನಾರು ಬೆರೆಸಿದ ಪೀಕ್ 18ರ ಆಸುಪಾಸು, ಅಂದರೆ ಹೆಚ್ಚುಕಡಿಮೆ ಮೂಳೆಯ ಸಮ. ಮೂಳೆಗೆ ಒಂದು ಸ್ವಭಾವವಿದೆ, ಹೊರೆ ಹೊತ್ತಷ್ಟೂ ಗಟ್ಟಿಯಾಗುತ್ತದೆ, ಹೊರೆ ತಪ್ಪಿದರೆ ಸೊರಗುತ್ತದೆ. ಅತಿ ಗಟ್ಟಿಯಾದ ಲೋಹ ಪಕ್ಕದಲ್ಲಿದ್ದು ಹೊರೆಯನ್ನೆಲ್ಲ ತಾನೇ ಹೊತ್ತರೆ ಮೂಳೆ ಕರಗೀತೆಂಬ ಆತಂಕದಿಂದಲೇ, ಮೂಳೆಯೊಡನೆ ತಾನೂ ಬಾಗಿ ಹೊರೆಯನ್ನು ಹಂಚಿಕೊಳ್ಳುವ ಪ್ಲಾಸ್ಟಿಕ್ಕಿನ ಕಡೆಗೆ ಸಂಶೋಧಕರು ತಿರುಗಿದರು.

ಹೋಲಿಕೆಯ ಲೆಕ್ಕದಲ್ಲಿ ಪೀಕ್ ಗೆಲ್ಲಬೇಕಿತ್ತು. ಆದರೆ ಮೂಳೆ ಅದನ್ನು ಟೈಟಾನಿಯಂನಂತೆ ಅಪ್ಪಿಕೊಳ್ಳುವುದಿಲ್ಲ. ನೀರನ್ನು ಹತ್ತಿರ ಬಿಟ್ಟುಕೊಳ್ಳದ ಅದರ ಮೈಗೆ ಜೀವಕೋಶಗಳು ಸುಲಭವಾಗಿ ಅಂಟುವುದಿಲ್ಲ. ದೇಹ ಅದನ್ನು ದ್ವೇಷಿಸುವುದೂ ಇಲ್ಲ, ಪ್ರೀತಿಸುವುದೂ ಇಲ್ಲ, ಹಲವು ಸಲ ನಡುವೆ ನಾರಿನ ಪದರವೊಂದನ್ನು ಹೆಣೆದು ದೂರವಿಡುತ್ತದೆ. ಮೈಯನ್ನು ಒರಟು ಮಾಡುವುದು, ಮೂಳೆಯ ಖನಿಜವನ್ನೋ ಟೈಟಾನಿಯಂ ಪುಡಿಯನ್ನೋ ಲೇಪಿಸುವುದು ಮೊದಲಾದ ಉಪಾಯಗಳು ನಡೆದಿವೆಯಾದರೂ, ದವಡೆಯೊಳಗಿನ ಬೇರಿನ ಸ್ಥಾನದಲ್ಲಿ ದಶಕಗಳ ಪರೀಕ್ಷೆ ದಾಟಿದ್ದು ಇಂದಿಗೂ ಇವೆರಡರಲ್ಲಿ ಟೈಟಾನಿಯಂ ಮಾತ್ರ. ಪೀಕ್ ತನ್ನ ಯೋಗ್ಯತೆಯನ್ನು ತೋರಿಸಿರುವುದು ಬೇರಿನಲ್ಲಲ್ಲ, ಬೇರಿನ ಮೇಲೆ: ಒಸಡು ಮಾಯುವವರೆಗೆ ಕೂರಿಸುವ ತಾತ್ಕಾಲಿಕ ಮುಚ್ಚಳಗಳಲ್ಲಿ, ಬೇರಿಗೂ ಹಲ್ಲಿಗೂ ನಡುವಿನ ಕೊಂಡಿಗಳಲ್ಲಿ, ಹಲ್ಲಿನ ಸಾಲನ್ನು ಹೊರುವ ಚೌಕಟ್ಟುಗಳಲ್ಲಿ. ಅಲ್ಲಿ ಅದರ ಹಗುರವೂ ಬಾಗುವ ಗುಣವೂ ಕ್ಷ-ಕಿರಣಕ್ಕೆ ಅಡ್ಡಬಾರದ ಸ್ವಭಾವವೂ ಉಪಕಾರಕ್ಕೆ ಬರುತ್ತವೆ. ಮೂಳೆಯನ್ನು ಹೋಲದ ಲೋಹವನ್ನು ಮೂಳೆ ತನ್ನದಾಗಿಸಿಕೊಂಡಿತು, ಮೂಳೆಯನ್ನು ಹೋಲುವಂತೆ ಮಾಡಿದ ಪ್ಲಾಸ್ಟಿಕ್ಕನ್ನು ಅತಿಥಿಯಾಗಿಯೇ ಇರಿಸಿಕೊಂಡಿತು. ಸಾದೃಶ್ಯ ಬೇರೆ, ಸಂಬಂಧ ಬೇರೆ ಎಂಬ ತಾರ್ಕಿಕರ ಮಾತು ಇಲ್ಲಿ ಒಸಡಿನ ಕೆಳಗೆ ಸಿದ್ಧವಾಗಿದೆ.

ಹಾಗೆಂದು ಪ್ಲಾಸ್ಟಿಕ್ಕು ದೇಹಕ್ಕೆ ಹೊಸಬನೂ ಅಲ್ಲ, ಕೀಳೂ ಅಲ್ಲ. ಎರಡನೆಯ ಮಹಾಯುದ್ಧದ ವಿಮಾನ ಚಾಲಕರ ಕಣ್ಣುಗಳಲ್ಲಿ ಸಿಕ್ಕಿಕೊಂಡ ಅಕ್ರಿಲಿಕ್ ಚೂರುಗಳು ಉರಿಯೂತ ಹುಟ್ಟಿಸದೆ ಸುಮ್ಮನಿದ್ದುದನ್ನು ಗಮನಿಸಿದ ಹೆರಾಲ್ಡ್ ರಿಡ್ಲಿ, 1949ರ ನವೆಂಬರಿನಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಪೊರೆ ತೆಗೆದ ಕಣ್ಣಿಗೆ ಅಂಥದೇ ಪ್ಲಾಸ್ಟಿಕ್ಕಿನ ಮಸೂರವನ್ನು ಮೊದಲ ಬಾರಿಗೆ ಅಳವಡಿಸಿದ. ಬಾಧೆ ಕೊಡದ ಶಲ್ಯ ಶಲ್ಯವಲ್ಲವೆಂಬ ಸುಶ್ರುತನ ಲಕ್ಷಣ ಇಷ್ಟು ನೇರವಾಗಿ ಚಿಕಿತ್ಸೆಯಾದ ಇನ್ನೊಂದು ಸಂದರ್ಭ ಸಿಗುವುದು ಅಪರೂಪ. ಇತ್ತ ಲ್ಯಾಂಕಶೈರಿನಲ್ಲಿ ಸೊಂಟದ ಕೀಲಿಗೆ ಟೆಫ್ಲಾನ್ ಬಳಸಿ, ಅದು ಸವೆದು ಉದುರಿದ ಪುಡಿಯಿಂದ ರೋಗಿಗಳು ನೊಂದಾಗ, ಜಾನ್ ಚಾರ್ನ್‌ಲಿ ಆ ವಸ್ತುವಿನ ಮಾದರಿಗಳನ್ನು ತನ್ನದೇ ತೊಡೆಗೆ ಸೇರಿಸಿಕೊಂಡು ಪರೀಕ್ಷಿಸಿ, 1962ರ ಹೊತ್ತಿಗೆ ಪಾಲಿಥೀನಿನ ಒಂದು ಬಗೆಗೆ ಬದಲಾಯಿಸಿದ. ಪರರ ಮೈಯಲ್ಲಿ ಕಂಡ ಬಾಧೆಗೆ ತನ್ನ ಮೈಯನ್ನೇ ಸಾಕ್ಷಿಯಾಗಿ ಒಡ್ಡಿದ ಈ ನಡೆ, ಕಾಸು ಕೊಟ್ಟು ಹುಡುಗರ ಹಲ್ಲು ಕೀಳಿಸಿದ ಕಾಲದಿಂದ ವೈದ್ಯಧರ್ಮ ಎಷ್ಟು ದೂರ ಬಂದಿತೆಂಬುದರ ಅಳತೆಗೋಲೂ ಹೌದು.

ಆದರೂ ಆಸ್ತಿಕ ಮನಸ್ಸಿಗೆ ಲೋಹ ಮತ್ತು ಪ್ಲಾಸ್ಟಿಕ್ಕು ಸಮಾನವಲ್ಲ. ಧರ್ಮಶಾಸ್ತ್ರಗಳ ದ್ರವ್ಯಶುದ್ಧಿ ಪ್ರಕರಣಗಳು ಯಾವ ವಸ್ತುವಿನ ಮೈಲಿಗೆಯನ್ನು ಹೇಗೆ ಕಳೆಯಬೇಕೆಂಬುದನ್ನು ವಿವರಿಸುವಾಗ ಲೋಹಕ್ಕೆ ಅನುಕೂಲವಾಗಿಯೂ ಮಣ್ಣಿಗೆ ಕಠಿಣವಾಗಿಯೂ ಇವೆ: ಬೂದಿ, ಹುಳಿ, ನೀರುಗಳಿಂದ ತಿಕ್ಕಿದ ತಾಮ್ರದ ಪಾತ್ರೆ ಶುದ್ಧವಾಗುತ್ತದೆ, ಆದರೆ ಹೀರಿಕೊಳ್ಳುವ ಮಡಕೆಯನ್ನು ಮತ್ತೆ ಸುಡಬೇಕು ಇಲ್ಲವೇ ಬಿಸಾಡಬೇಕು. ಪ್ಲಾಸ್ಟಿಕ್ಕು ಆ ಪಟ್ಟಿಯಲ್ಲಿ ಇಲ್ಲ. ಆದರೆ ಪಟ್ಟಿಯ ಹಿಂದಿನ ತತ್ತ್ವ ಹೀರಿಕೊಳ್ಳುವಿಕೆಯಾಗಿದ್ದರೆ, ನೀರನ್ನು ಬಹುಮಟ್ಟಿಗೆ ಹೀರದ ಪೀಕ್ ಮಡಕೆಯ ಸಾಲಿಗಲ್ಲ, ತಾಮ್ರದ ಸಾಲಿಗೇ ಸೇರಬೇಕು. ಬಾಯಿಗೆ ಸಂಬಂಧಿಸಿದಂತೆ ಇನ್ನೂ ಹತ್ತಿರದ ಪ್ರಮಾಣವೊಂದು ಗೌತಮ ಧರ್ಮಸೂತ್ರದಲ್ಲಿದೆ. ಊಟದ ಬಳಿಕ ಹಲ್ಲಿಗೆ ಅಂಟಿಕೊಂಡು ಉಳಿದದ್ದು ಎಂಜಲೇ ಎಂಬ ಸಂದೇಹ ಬಂದಾಗ, ನಾಲಿಗೆ ತಗಲದಿದ್ದರೆ ಅದನ್ನು ಹಲ್ಲೆಂದೇ ಎಣಿಸಬೇಕೆಂದು ಸೂತ್ರಕಾರ ತೀರ್ಪು ಕೊಡುತ್ತಾನೆ. ಉದುರುವವರೆಗೂ ಹಾಗೆಯೇ ಎಂಬ ಕೆಲವರ ಮತವನ್ನೂ ದಾಖಲಿಸುತ್ತಾನೆ. ಅನ್ನದ ಅಗುಳು ಹಲ್ಲಾಗುವುದು ತನ್ನ ಸತ್ತ್ವದಿಂದಲ್ಲ, ಹಿಡಿದುಕೊಂಡಿರುವುದರಿಂದ. ಶಾಸ್ತ್ರವೂ ಇಲ್ಲಿ ಕೇಳುವುದು ವಸ್ತುವಿನ ಕುಲವನ್ನಲ್ಲ, ಅದರ ಸಂಬಂಧವನ್ನು.

ಧಾರ್ಮಿಕ ಪ್ರಶ್ನೆ ನಿಜವಾಗಿ ಮೊನಚಾಗುವುದು ಬೇರಿನ ವಿಷಯದಲ್ಲಲ್ಲ, ಬೇರು ನೆಡುವ ಮಣ್ಣಿನ ವಿಷಯದಲ್ಲಿ. ಹಲ್ಲು ಬಿದ್ದು ವರ್ಷಗಳಾದ ದವಡೆ ತೆಳ್ಳಗಾಗಿರುವುದರಿಂದ, ಬೇರನ್ನು ಕೂರಿಸುವ ಮುನ್ನ ಅಲ್ಲಿ ಮೂಳೆಪುಡಿ ತುಂಬಬೇಕಾಗುತ್ತದೆ. ಆ ಪುಡಿ ಹಲವು ಸಲ ದನದ ಮೂಳೆಯಿಂದ ಜೈವಿಕಾಂಶವನ್ನೆಲ್ಲ ತೆಗೆದು ಉಳಿಸಿದ ಖನಿಜ, ಅದರ ಮೇಲೆ ಹೊದಿಸುವ ಪೊರೆ ಹಲವು ಸಲ ಹಂದಿಯಿಂದ ಪಡೆದ ಕೊಲಾಜೆನ್. ಟೂಟಿಂಗ್‌ನಂಥ ಕಡೆ ಹಿಂದೂ, ಜೈನ, ಮುಸ್ಲಿಂ ರೋಗಿಗಳಿಗೆ ಲೋಹವೋ ಪ್ಲಾಸ್ಟಿಕ್ಕೋ ಎಂಬುದಕ್ಕಿಂತ ಇದು ದೊಡ್ಡ ವಿಷಯ. ವಸ್ತುವು ಸಂಪೂರ್ಣವಾಗಿ ಮಾರ್ಪಟ್ಟರೆ ಅದರ ನಿಷಿದ್ಧತೆಯೂ ಅಳಿಯುತ್ತದೆಯೇ ಎಂಬುದನ್ನು ಇಸ್ಲಾಮಿನ ಧರ್ಮಜ್ಞರು ಇಸ್ತಿಹಾಲಾ ಎಂಬ ಹೆಸರಿನಲ್ಲಿ ಚರ್ಚಿಸಿದ್ದಾರೆ, ಮತ್ತು ಅವರೆಲ್ಲರ ಉತ್ತರ ಒಂದೇ ಅಲ್ಲ. ದನದ ಪ್ರಶ್ನೆಗೆ ಸೇಂಟ್ ಜಾರ್ಜ್‌ನಲ್ಲೇ ಹಳೆಯ ಸಾಕ್ಷಿಯೊಂದಿದೆ: ಹಂಟರನ ಶಿಷ್ಯ ಎಡ್ವರ್ಡ್ ಜೆನ್ನರ್ 1796ರಲ್ಲಿ ಸಿಡುಬಿನ ಲಸಿಕೆಗೆ ಮೂಲವಾಗಿಸಿಕೊಂಡ ಗೋಸಿಡುಬು ಬ್ಲಾಸಮ್ ಎಂಬ ಹಸುವಿನದೆಂದು ಹೇಳಲಾಗಿದ್ದು, ಆ ಹಸುವಿನ ಚರ್ಮ ಟೂಟಿಂಗ್‌ನ ವೈದ್ಯಶಾಲೆಯಲ್ಲಿ ಉಳಿದಿದೆ. ಗೋವಿನಿಂದ ಬಂದ ಲಸಿಕೆಯನ್ನು ಮುಂದೆ ಗೋಪೂಜಕರ ನಾಡೂ ಒಪ್ಪಿತು. ಆದರೆ ಒಪ್ಪುವುದಕ್ಕೂ ಅರಿಯದೆ ಪಡೆಯುವುದಕ್ಕೂ ಅಂತರವಿದೆ. ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯ 2015ರ ಮಾಂಟ್‌ಗೋಮರಿ ಪ್ರಕರಣದಲ್ಲಿ, ಆಯಾ ರೋಗಿ ಯಾವ ಅಪಾಯಕ್ಕೆ, ಯಾವ ಬದಲಿ ಚಿಕಿತ್ಸೆಗೆ ಮಹತ್ತ್ವ ಕೊಡುತ್ತಾನೋ ಅದನ್ನು ವೈದ್ಯನು ತಿಳಿಸಬೇಕೆಂದು ಹೇಳಿತು. ದನದ ಪುಡಿಗೆ ಬದಲಾಗಿ ರೋಗಿಯದೇ ಮೂಳೆ ಅಥವಾ ಕೃತಕ ಖನಿಜ ಸಿಗುತ್ತದೆಂಬ ಮಾತನ್ನು ಮುಂಚಿತವಾಗಿ ಆಡುವುದು ಈ ತತ್ತ್ವದ ಸಹಜ ವಿಸ್ತರಣೆ. ಕೇಳಿ ತಿಳಿದು ಒಪ್ಪಿದ ವಸ್ತುವಿನಲ್ಲಿ ಮನಸ್ಸಿಗೆ ಮುಳ್ಳಿರುವುದಿಲ್ಲ. ತಿಳಿಸದೆ ತುಂಬಿದ್ದು, ಮೂಳೆ ಅದನ್ನು ಒಪ್ಪಿದ್ದರೂ, ಮನಸ್ಸಿಗೆ ಶಲ್ಯವಾಗುತ್ತದೆ.

ಕೊನೆಯ ಪರೀಕ್ಷೆ ಬ್ಲ್ಯಾಕ್‌ಷಾ ರಸ್ತೆಯ ಚಿತಾಗಾರದ್ದು. ಅಂತ್ಯೇಷ್ಟಿ ಎಂದರೆ ಕೊನೆಯ ಯಜ್ಞ. ಅಲ್ಲಿ ದೇಹವೇ ಆಹುತಿ. ಚಿತಾಗಾರದ ಒಲೆ 800ರಿಂದ 1000 ಡಿಗ್ರಿಯವರೆಗೆ ಉರಿಯುತ್ತದೆ, ಟೈಟಾನಿಯಂ ಕರಗಲು 1668 ಡಿಗ್ರಿ ಬೇಕು. ಹಾಗಾಗಿ ಮೂಳೆ ಅಪ್ಪಿದ್ದ ಲೋಹವನ್ನು ಬೆಂಕಿ ಒಪ್ಪದೆ ಬೂದಿಯಲ್ಲಿ ಬಿಟ್ಟುಹೋಗುತ್ತದೆ. ಮೂಳೆ ದೂರವಿಟ್ಟಿದ್ದ ಪೀಕ್ ಮಾಂಸಮಜ್ಜೆಗಳ ಜೊತೆಗೆ ಉರಿದು ಹೋಗುತ್ತದೆ. ಬದುಕಿನಲ್ಲಿ ನೆಂಟನಾದದ್ದು ಸಾವಿನಲ್ಲಿ ಹೊರಗೆ ನಿಲ್ಲುತ್ತದೆ, ಬದುಕಿನಲ್ಲಿ ಹೊರಗಿದ್ದದ್ದು ಸಾವಿನಲ್ಲಿ ಸಹಗಮನ ಮಾಡುತ್ತದೆ. ಕಾವೇರಿಯಲ್ಲಿ ಬಿಡಲೆಂದು ಶ್ರೀರಂಗಪಟ್ಟಣಕ್ಕೆ ಅಸ್ಥಿಯನ್ನು ಒಯ್ಯುವ ಕುಟುಂಬಕ್ಕೆ, ಆಹುತಿ ಪೂರ್ಣವಾಗಲಿಲ್ಲವೇ ಎಂಬ ಅಳುಕು ಬರಬಹುದು. ಬ್ರಿಟನ್ನಿನ ಚಿತಾಗಾರಗಳಲ್ಲಿ ಮೂಳೆಯ ಶೇಷದಿಂದ ಲೋಹವನ್ನು ಬೇರ್ಪಡಿಸಿ, ಬಂಧುಗಳ ಒಪ್ಪಿಗೆಯಿಂದ ಮರುಬಳಕೆಗೆ ಕಳಿಸಿ, ಬಂದ ಹಣವನ್ನು ದಾನಕಾರ್ಯಗಳಿಗೆ ಕೊಡುವ ಏರ್ಪಾಡಿದೆ. ಅಸ್ಥಿಸಂಚಯನದಲ್ಲಿ ಆಯುವುದು ಅಸ್ಥಿಯನ್ನು ಮಾತ್ರ ಎಂಬ ಸಂಪ್ರದಾಯಕ್ಕೆ ಇದು ವಿರುದ್ಧವಲ್ಲ. ಎರವಲು ತಂದ ಪಾತ್ರೆಯನ್ನು ಅಡುಗೆ ಮುಗಿದ ಮೇಲೆ ತೊಳೆದು ಹಿಂತಿರುಗಿಸಿದಷ್ಟೇ ಸಹಜ.

ಸುಡದೆ ಹೂಳುವವರಿಗೆ ಈ ಭೇದವೂ ಇಲ್ಲ. ಲಿಂಗಾಯತರು ಶರೀರವನ್ನು ಇಷ್ಟಲಿಂಗದೊಡನೆ ಮಣ್ಣಿಗೆ ಕೊಡುತ್ತಾರೆ. ಆ ಮಣ್ಣಿನಲ್ಲಿ ಟೈಟಾನಿಯಂ, ಪೀಕ್ ಎರಡೂ ಮೂಳೆಗಿಂತ ಹೆಚ್ಚು ಕಾಲ ಉಳಿಯುತ್ತವೆ. ಲ್ಯಾಂಬೆತ್ ಆಡಳಿತದ ಈ ರುದ್ರಭೂಮಿ ಟೂಟಿಂಗ್‌ನಲ್ಲಿದ್ದರೆ, ಅದೇ ಲ್ಯಾಂಬೆತ್‌ನ ಥೇಮ್ಸ್ ದಂಡೆಯಲ್ಲಿ 2015ರ ನವೆಂಬರಿನಲ್ಲಿ ಅನಾವರಣಗೊಂಡ ಬಸವಣ್ಣನವರ ಪ್ರತಿಮೆ ನಿಂತಿದೆ. ದೇಹವನ್ನೇ ದೇಗುಲವಾಗಿ ಕಂಡ ಅವರ ದೃಷ್ಟಿಯಲ್ಲಿ ದೇಗುಲದ ಬೆಲೆ ಅದರ ಕಲ್ಲಿನಿಂದ ಬಂದದ್ದಲ್ಲ, ಸಿರಿವಂತನ ಕಟ್ಟಡಕ್ಕಿಂತ ಬಡವನ ಮೈ ಕಡಿಮೆಯಾದದ್ದೂ ಅಲ್ಲ. ಆ ಕಣ್ಣಿಗೆ ಹಂಟರನ ಕಾಲದ ಹಲ್ಲು ಒಂದು ದೇಗುಲವನ್ನು ಕೆಡವಿ ಇನ್ನೊಂದಕ್ಕೆ ಕಟ್ಟಿದ ಕಂಬವಾಗಿ ಕಾಣುತ್ತಿತ್ತು. ಲೋಹ, ಪ್ಲಾಸ್ಟಿಕ್ಕುಗಳ ಕಂಬದಲ್ಲಿ ಆ ಪಾಪವಿಲ್ಲ.

ಹೀಗೆ ಮೂಳೆಯ ತೀರ್ಪು ಒಂದು, ಶಾಸ್ತ್ರದ ತೀರ್ಪು ಮತ್ತೊಂದು, ಬೆಂಕಿಯ ತೀರ್ಪು ಇನ್ನೊಂದು. ಮೂರನ್ನೂ ಒಂದೇ ವಸ್ತು ಗೆಲ್ಲಲಾರದು. ದೇಹಕ್ಕೆ ಹತ್ತಿರ ಯಾವುದೆಂಬ ಪ್ರಶ್ನೆಗೆ ವಸ್ತುವಿನ ಹೆಸರು ಉತ್ತರವಾಗಲಾರದೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಪುರಾವೆ ಬೇಡ. ಉಳಿಯುವುದು ಸುಶ್ರುತನ ಒರೆಗಲ್ಲು, ಆದರೆ ಇತಿಹಾಸವು ಅದನ್ನು ಸ್ವಲ್ಪ ಅಗಲ ಮಾಡಿದೆ: ಕೂರಿಸಿಕೊಂಡವನ ಮೈಗೂ ಮನಸ್ಸಿಗೂ ಬಾಧೆಯಾಗಬಾರದು, ಕೂರಿಸುವುದಕ್ಕಾಗಿ ಮತ್ತೊಬ್ಬರಿಗೂ ಬಾಧೆಯಾಗಿರಬಾರದು. ಈ ಎರಡನ್ನೂ ದಾಟಿದ ಬೇರು ಗಣಿಯದಾಗಲಿ ಕಾರ್ಖಾನೆಯದಾಗಲಿ, ಕೊಟ್ಟಷ್ಟು ಕಾಲ ಅದು ಹಲ್ಲೇ.